ಐದು ಸ್ವರಗಳು ಮತ್ತು ಒಂದು ತಪ್ಪು ಪಾಠ

ಕಳೆದ ಮಾಘದಲ್ಲಿ ತಿಪಟೂರಿನಲ್ಲಿ ಬಂಧುಗಳೊಬ್ಬರ ಮನೆಯ ಮದುವೆಗೆ ಹೋಗಿದ್ದೆ. ಊಟ ಮುಗಿಸಿ ಕೈ ತೊಳೆದು ಬರುತ್ತಿದ್ದಾಗ ಐವತ್ತು ದಾಟಿದ ಹೆಣ್ಣುಮಗಳೊಬ್ಬಳು ಎದುರು ನಿಂತು ನಮಸ್ಕರಿಸಿದಳು. "ಸಾರ್, ಗುರುತು ಸಿಕ್ತಾ?" ಎಂದಳು. ಸಿಗಲಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಪಾಠ ಮಾಡಿದವನಿಗೆ ಎಷ್ಟು ಮುಖಗಳು ನೆನಪಿನಲ್ಲಿ ಉಳಿದಾವು? "ಧೂಮಕೇತು ಬಂದಿತ್ತಲ್ಲ ಸಾರ್, ಆ ವರ್ಷ ನೀವು ಹಾರ್ಮೋನಿಯಂ ನುಡಿಸಿ ಮೋಹನ ರಾಗ ಅಂದ್ರಿ. ಧೈವತ ಇಲ್ಲ ಅಂದವಳು ನಾನೇ" ಎಂದು ನಕ್ಕಳು. ನಾನೂ ನಕ್ಕೆ. ಆಮೇಲೆ ಅವಳು ಅದೇ ನಗುವಿನಲ್ಲಿ, "ಅವತ್ತಿನಿಂದ ನಾನು ಯಾವ ಕ್ಲಾಸಿನಲ್ಲೂ ಕೈ ಎತ್ತಲಿಲ್ಲ ಸಾರ್" ಎಂದಳು. ಅಷ್ಟರಲ್ಲಿ ಯಾರೋ ಕರೆದರು, ಹೊರಟುಹೋದಳು. ಸಂಪಿಗೆಗೆ ಹಿಂದಿರುಗುವ ಬಸ್ಸಿನಲ್ಲಿ ಕುಳಿತಾಗ ನನ್ನ ನಗು ಉಳಿದಿರಲಿಲ್ಲ.

ಆ ದಿನ ನಡೆದದ್ದನ್ನು, ಅದರ ಹಿಂದಿರುವ ಇತಿಹಾಸವನ್ನೂ ಸೇರಿಸಿ, ಇಲ್ಲಿ ಬರೆದಿಡುತ್ತೇನೆ. ಅಂದು ತರಗತಿಯಲ್ಲಿದ್ದ ನಿಮ್ಮಲ್ಲಿ ಕೆಲವರಾದರೂ ಇದನ್ನು ಓದುತ್ತೀರಿ ಎಂಬ ಭರವಸೆ ನನಗಿದೆ.

1986ರ ಆರಂಭದ ತಿಂಗಳುಗಳು. ಎಪ್ಪತ್ತಾರು ವರ್ಷಗಳ ಬಳಿಕ ಹ್ಯಾಲಿ ಧೂಮಕೇತು ಮರಳಿ ಬಂದಿತ್ತು. ಬೆಳಗಿನ ಜಾವದಲ್ಲಿ ತೆಂಗಿನ ತೋಟದ ಅಂಚಿಗೆ ಹೋಗಿ, ಗರಿಗಳ ಸಂದಿಯಲ್ಲಿ ಆಕಾಶ ನೋಡುವುದು ಊರಿನವರಿಗೆಲ್ಲ ಒಂದು ಕೆಲಸವಾಗಿತ್ತು. ಒಂಬತ್ತನೆಯ ತರಗತಿಗೆ ಭೌತಶಾಸ್ತ್ರ ಹೇಳುತ್ತಿದ್ದ ನಾನು ಆ ಉತ್ಸಾಹದಲ್ಲಿ ಪಠ್ಯವನ್ನು ಬದಿಗಿಟ್ಟು, ಬೆಂಗಳೂರಿನಲ್ಲಿ ಹಿಂದೆ ನೋಡಿದ್ದ 'ಕ್ಲೋಸ್ ಎನ್‌ಕೌಂಟರ್ಸ್ ಆಫ್ ದ ಥರ್ಡ್ ಕೈಂಡ್' ಎಂಬ ಇಂಗ್ಲಿಷ್ ಚಲನಚಿತ್ರದ ಕಥೆ ಹೇಳಿದೆ. ಅನ್ಯಲೋಕದ ಜೀವಿಗಳು ಮನುಷ್ಯರೊಡನೆ ಐದು ಸ್ವರಗಳ ಮೂಲಕ ಮಾತನಾಡುತ್ತಾರೆ. ಪ್ರಾರ್ಥನೆಗೆಂದು ಇಟ್ಟಿದ್ದ ಹಾರ್ಮೋನಿಯಂ ತರಿಸಿ ಆ ಐದು ಸ್ವರಗಳನ್ನು ನುಡಿಸಿದೆ. "ಇದು ನಮ್ಮ ಮೋಹನ ರಾಗ! ಅನ್ಯಲೋಕದವರು ಹಾಡುವುದೂ ನಮ್ಮ ರಾಗವನ್ನೇ. ಸಂಗೀತ ನಿರ್ದೇಶಕ ಇದನ್ನು ಗುಟ್ಟಾಗಿ ಅಡಗಿಸಿಟ್ಟಿದ್ದಾನೆ" ಎಂದು ಘೋಷಿಸಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸಾರ್, ಮೋಹನಕ್ಕೆ ಧೈವತ ಬೇಕು. ಇದರಲ್ಲಿ ಧ ಇಲ್ವಲ್ಲ" ಎಂದಳು. ಮನೆಯಲ್ಲಿ ಅಜ್ಜಿಯಿಂದ ಸಂಗೀತ ಕಲಿಯುತ್ತಿದ್ದ ಹುಡುಗಿ. ನಾನು, "ಮೊದಲು ಗಣಿತದಲ್ಲಿ ಪಾಸಾಗಮ್ಮ, ಧೈವತ ಆಮೇಲೆ ನೋಡೋಣ" ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಅವಳು ಕುಳಿತಳು.

ಅವಳು ಹೇಳಿದ್ದು ಅಕ್ಷರಶಃ ಸರಿ.

ಆ ಚಿತ್ರ ತೆರೆಕಂಡದ್ದು 1977ರ ನವೆಂಬರ್‌ನಲ್ಲಿ. ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್, ಸಂಗೀತ ಜಾನ್ ವಿಲಿಯಮ್ಸ್. ಪಾಶ್ಚಾತ್ಯರ ಹೆಸರುಗಳಲ್ಲಿ ಆ ಐದು ಸ್ವರಗಳು ರೇ, ಮಿ, ದೋ, ದೋ, ಸೋಲ್. ನಮ್ಮ ಲೆಕ್ಕದಲ್ಲಿ ರಿ, ಗ, ಸ, ಅದಕ್ಕಿಂತ ಒಂದು ಸ್ಥಾಯಿ ಕೆಳಗಿನ ಸ, ಕೊನೆಗೆ ಪ. ಷಡ್ಜ ಎರಡು ಸಲ ಬರುವುದರಿಂದ ಧ್ವನಿಗಳು ಐದಾದರೂ ಸ್ವರಗಳು ನಾಲ್ಕೇ: ಸ, ರಿ, ಗ, ಪ. ಇವಕ್ಕೆ ಧೈವತ ಸೇರಿದರೆ ಮೋಹನವಾಗುತ್ತದೆ. ನಿಷಾದ ಸೇರಿದರೆ ಹಂಸಧ್ವನಿಯಾಗುತ್ತದೆ. ಬೇರೆ ಸ್ವರಗಳನ್ನೂ ಕೂಡಿಸಿಕೊಂಡರೆ ಶಂಕರಾಭರಣವೂ ಆದೀತು, ಕಲ್ಯಾಣಿಯೂ ಆದೀತು. ಬರಿಯ ನಾಲ್ಕು ಸ್ವರಗಳನ್ನು ಕೇಳಿ ರಾಗದ ಹೆಸರು ಹೇಳುವುದು, ಬಾಗಿಲಲ್ಲಿ ಬಿಟ್ಟ ಚಪ್ಪಲಿ ನೋಡಿ ನೆಂಟರ ಊರು ಹೇಳಿದಂತೆ. ಮೋಹನವನ್ನು ಅಲ್ಲಿ ತಂದಿಟ್ಟವನು ನಾನು, ವಿಲಿಯಮ್ಸ್ ಅಲ್ಲ.

ಹಾಗಾದರೆ ವಿಲಿಯಮ್ಸ್ ನಿಜವಾಗಿ ಏನು ಮಾಡಿದರು? ನಮ್ಮ ಹನ್ನೆರಡು ಸ್ವರಸ್ಥಾನಗಳಿಂದ ಐದು ಧ್ವನಿಗಳ ಸಾಲನ್ನು ಕಟ್ಟಬೇಕೆಂದರೆ, ಸ್ಥಾಯಿಯ ಭೇದವನ್ನು ಬಿಟ್ಟರೂ, ಹನ್ನೆರಡನ್ನು ಐದು ಬಾರಿ ಗುಣಿಸಿ 2,48,832 ಬಗೆಗಳು ಸಿಗುತ್ತವೆ. ವಿಲಿಯಮ್ಸ್ ಮುನ್ನೂರಕ್ಕೂ ಹೆಚ್ಚು ಸಾಲುಗಳನ್ನು ಬರೆದು ನೋಡಿದರು. ಅವರಿಗೆ ಇನ್ನೂ ಉದ್ದವಾದ, ಏಳು ಸ್ವರಗಳ ಸಾಲು ಬೇಕಿತ್ತು. ಸ್ಪೀಲ್‌ಬರ್ಗ್ ಒಪ್ಪಲಿಲ್ಲ. ಏಳಾದರೆ ಅದು ಹಾಡಿನ ತುಣುಕಾಗುತ್ತದೆ, ತಮಗೆ ಬೇಕಾದುದು ಕರೆಗಂಟೆಯಂತಹ ಒಂದು ಸಂಜ್ಞೆ ಎಂಬುದು ಅವರ ನಿಲುವು. ಕಡೆಗೆ ಆರಿಸಿದ ಸಾಲು ನಿಲ್ಲುವುದು ಪಂಚಮದ ಮೇಲೆ. ಹಾಡುವವರು ಷಡ್ಜಕ್ಕೆ ಮರಳಿದಾಗ ಕೇಳುವವನಿಗೆ ಮನೆ ಸೇರಿದ ಭಾವ ಉಂಟಾಗುತ್ತದೆ. ಪಂಚಮದಲ್ಲಿ ನಿಂತರೆ ಮಾತು ಅರ್ಧಕ್ಕೆ ನಿಂತು, ಎದುರಿನವರು ಉತ್ತರ ಕೊಡಲಿ ಎಂದು ಕಾದಂತಿರುತ್ತದೆ. ಈ ಅರ್ಥವನ್ನು ಯಾರೂ ಹೊರಗಿನಿಂದ ಹಚ್ಚಬೇಕಿಲ್ಲ. ಅದು ಸ್ವರಗಳ ಜೋಡಣೆಯಲ್ಲೇ ಇದೆ.

ಇನ್ನೊಂದು ಸಂಗತಿ ಗಣಿತದ್ದು. ಕೆಳಗಿನ ಷಡ್ಜದ ಕಂಪನವನ್ನು 4 ಎಂದಿಟ್ಟುಕೊಳ್ಳಿ. ಶುದ್ಧ ಶ್ರುತಿಯ ಲೆಕ್ಕದಲ್ಲಿ ಆ ಐದು ಸ್ವರಗಳು ಕ್ರಮವಾಗಿ 9, 10, 8, 4, 6 ಆಗುತ್ತವೆ. ಎಲ್ಲವೂ ಹತ್ತರೊಳಗಿನ ಪೂರ್ಣಾಂಕಗಳು. ಪಾಶ್ಚಾತ್ಯ ವಾದ್ಯಗಳ ಶ್ರುತಿ ಇದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಕಡಿಮೆ ಇರುತ್ತದೆ, ಅಷ್ಟೆ. ನಮ್ಮ ಭಾಷೆಯನ್ನಾಗಲಿ ರಾಗವನ್ನಾಗಲಿ ತಿಳಿಯದ ಜೀವಿ ಇದ್ದರೂ, ಇಂತಹ ಸರಳ ಅನುಪಾತಗಳನ್ನು ಗುರುತಿಸಬಹುದು ಎಂಬ ಊಹೆಗೆ ಆಧಾರವುಂಟು. ಅಂದು ತರಗತಿಯಲ್ಲಿ ನಾನು ಹೇಳಬೇಕಾಗಿದ್ದ ಪಾಠ ಇದು. ಹಾರ್ಮೋನಿಯಂ ಕೈಯಲ್ಲಿತ್ತು, ಕರಿಹಲಗೆ ಬೆನ್ನ ಹಿಂದಿತ್ತು. ಆದರೂ ಹೇಳಲಿಲ್ಲ.

ಚಿತ್ರದಲ್ಲಿ ಭಾರತದ ದೃಶ್ಯವೊಂದಿದೆ. ನೂರಾರು ಜನ ಕುಳಿತು ಆ ಸ್ವರಗಳನ್ನು ಹಾಡುತ್ತಿರುತ್ತಾರೆ. ಇದು ಎಲ್ಲಿಂದ ಬಂತೆಂದು ವಿಜ್ಞಾನಿಗಳು ಕೇಳಿದಾಗ, ಎಲ್ಲರೂ ಒಟ್ಟಿಗೆ ಬೆರಳೆತ್ತಿ ಆಕಾಶವನ್ನು ತೋರಿಸುತ್ತಾರೆ. ಕಥೆಯಲ್ಲಿ ಅದು ಧರ್ಮಶಾಲೆ. ಚಿತ್ರೀಕರಣ ನಡೆದದ್ದು ಮುಂಬಯಿಗೆ ಸಮೀಪದ ಹಳ್ಳಿಯೊಂದರಲ್ಲಿ. ಈ ದೃಶ್ಯವೇ ನನ್ನನ್ನು ದಾರಿ ತಪ್ಪಿಸಿತೆಂದು ಕಾಣುತ್ತದೆ. ನಮ್ಮ ಜನರನ್ನು ತೆರೆಯ ಮೇಲೆ ಕಂಡ ಹಿಗ್ಗಿನಲ್ಲಿ ನಮ್ಮ ರಾಗವನ್ನೂ ಕಂಡೆ. ಅದೇ ಚಿತ್ರದಲ್ಲಿ ಫ್ರೆಂಚ್ ವಿಜ್ಞಾನಿಯ ಪಾತ್ರ ಮಾಡಿದ ನಿರ್ದೇಶಕ ಫ್ರಾಂಸ್ವಾ ತ್ರುಫೋ ಒಂದೊಂದು ಸ್ವರಕ್ಕೂ ಒಂದೊಂದು ಕೈಸನ್ನೆ ಮಾಡುತ್ತಾರೆ. ಅದು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ಕರ್ವೆನ್ ರೂಪಿಸಿ, ಮುಂದೆ ಹಂಗೇರಿಯ ಜೋಲ್ಟಾನ್ ಕೊಡಾಯ್ ಅವರ ಬೋಧನಾಕ್ರಮದ ಮೂಲಕ ಹರಡಿದ ಪದ್ಧತಿ. ಶಾಲೆಯ ಮಕ್ಕಳಿಗೆ ಸಂಗೀತ ಕಲಿಸಲೆಂದು ಹುಟ್ಟಿದ್ದು. ಚಿತ್ರದ ಕೊನೆಯಲ್ಲಿ ಮನುಷ್ಯರು ವಾದ್ಯಯಂತ್ರದಲ್ಲಿ ನುಡಿಸುತ್ತಾರೆ, ಬೃಹತ್ ಆಕಾಶನೌಕೆ ಟ್ಯೂಬಾ ಎಂಬ ದಪ್ಪ ದನಿಯ ವಾದ್ಯದಲ್ಲಿ ಉತ್ತರಿಸುತ್ತದೆ. ಸರಳೆ ವರಸೆ ಹೇಳಿಕೊಡುವ ಗುರು ಮತ್ತು ಒಪ್ಪಿಸುವ ಶಿಷ್ಯನ ದೃಶ್ಯವೇ ಅದು. ಮೊದಮೊದಲು ಯಾರು ಗುರು, ಯಾರು ಶಿಷ್ಯ ಎಂಬುದು ತಿಳಿಯುವುದಿಲ್ಲ.

ಆ ಚಿತ್ರದ ಸಂಗೀತದಲ್ಲಿ ನಿಜವಾಗಿಯೂ ಅಡಗಿರುವ ಅರ್ಥಗಳಿವೆ. 1940ರ 'ಪಿನೋಕಿಯೋ' ಚಿತ್ರಕ್ಕಾಗಿ ಲೀ ಹಾರ್ಲೈನ್ ಸಂಯೋಜಿಸಿದ 'ವೆನ್ ಯು ವಿಶ್ ಅಪಾನ್ ಎ ಸ್ಟಾರ್' ಎಂಬ ಹಾಡನ್ನು ಸ್ಪೀಲ್‌ಬರ್ಗ್ ತಮ್ಮ ಚಿತ್ರದ ಕೊನೆಯಲ್ಲಿ ಇಡಬೇಕೆಂದಿದ್ದರು. ಪೂರ್ವಪ್ರದರ್ಶನದಲ್ಲಿ ಪ್ರೇಕ್ಷಕರು ಅದನ್ನು ಅಷ್ಟಾಗಿ ಮೆಚ್ಚದ ಕಾರಣ ತೆಗೆದರು. ಆದರೆ 1980ರ ಪರಿಷ್ಕೃತ ಆವೃತ್ತಿಯ ಅಂತ್ಯದ ಸಂಗೀತದಲ್ಲಿ ಆ ರಾಗಧಾಟಿ ಕೇಳಿಸುತ್ತದೆ. ಇದಕ್ಕೆ ಸಾಕ್ಷ್ಯ ಚಿತ್ರದೊಳಗೇ ಇದೆ. ಕಥಾನಾಯಕ ಮೊದಲ ಭಾಗದಲ್ಲಿ ತನ್ನ ಮಕ್ಕಳನ್ನು 'ಪಿನೋಕಿಯೋ' ನೋಡಲು ಕರೆದೊಯ್ಯುವ ಮಾತನಾಡುತ್ತಾನೆ. ಅದರ ಜೊತೆಗೆ, ಪರ್ವತದ ಭಾಗದ ಸಂಗೀತದಲ್ಲಿ 'ದೀಸ್ ಈರೇ' ಎಂಬ ಮಧ್ಯಯುಗದ ಲ್ಯಾಟಿನ್ ಗೀತದ ಮೊದಲ ನಾಲ್ಕು ಸ್ವರಗಳ ನೆರಳನ್ನು ಸಂಗೀತಶಾಸ್ತ್ರಜ್ಞರು ಗುರುತಿಸಿದ್ದಾರೆ. ಅದು ಕ್ರೈಸ್ತರು ಮೃತರಿಗಾಗಿ ನಡೆಸುವ ಪೂಜೆಯಲ್ಲಿ ಹಾಡುತ್ತಿದ್ದ, ಅಂತ್ಯತೀರ್ಪಿನ ದಿನದ ಗೀತ. ಸ, ನಿ, ಸ, ಧ ಎಂದು ಕೆಳಗಿಳಿಯುವ ಆ ನಡೆಯಲ್ಲಿ ಭಯವಿದೆ. ಚಿತ್ರ ಮುಂದುವರಿದಂತೆ ಸಾವಿನ ಭಯದ ಸ್ವರಗಳು ಹಿಂದೆ ಸರಿದು, ಹಾರೈಕೆಯ ಸ್ವರಗಳು ಮುಂದೆ ಬರುತ್ತವೆ. ಅಪರಿಚಿತರನ್ನು ಕಂಡು ಹೆದರಬೇಕಿಲ್ಲ ಎಂಬ ಮಾತನ್ನು ಪಾತ್ರಗಳು ಹೇಳುವುದಕ್ಕೆ ಮೊದಲೇ ಸಂಗೀತ ಹೇಳಿಬಿಡುತ್ತದೆ.

ಇದಕ್ಕೂ ಒಂಬತ್ತು ವರ್ಷ ಹಿಂದೆ, 1968ರಲ್ಲಿ, ಸ್ಟ್ಯಾನ್ಲಿ ಕುಬ್ರಿಕ್ '2001: ಎ ಸ್ಪೇಸ್ ಒಡಿಸ್ಸಿ'ಯನ್ನು ತೆರೆಗೆ ತಂದಿದ್ದರು. ಅದಕ್ಕೆ ಅಲೆಕ್ಸ್ ನಾರ್ತ್ ಎಂಬ ಹೆಸರಾಂತ ಸಂಯೋಜಕರು ಸಂಗೀತ ರಚಿಸಿದ್ದರು. ಅದರಲ್ಲಿ ಒಂದು ಸ್ವರವನ್ನೂ ಬಳಸಿಲ್ಲವೆಂಬುದು ಅವರಿಗೆ ತಿಳಿದದ್ದು ಚಿತ್ರಮಂದಿರದಲ್ಲಿ ಕುಳಿತು ನೋಡಿದಾಗ. ಕುಬ್ರಿಕ್ ಅದರ ಬದಲು ರಿಚರ್ಡ್ ಸ್ಟ್ರಾಸ್ 1896ರಲ್ಲಿ ರಚಿಸಿದ್ದ, ನೀತ್ಸೆಯ ಜರತುಷ್ಟ್ರನ ಹೆಸರು ಹೊತ್ತ ಕೃತಿಯ ಆರಂಭವನ್ನು ಇಟ್ಟರು. ಆ ಆರಂಭದಲ್ಲಿ ಕೇಳಿಸುವುದು ಸ, ಪ, ಮೇಲಿನ ಸ. ತಂಬೂರಿ ಮೀಟಿದಾಗ ಕೇಳಿಸುವ ಸ್ವರಗಳೇ! ಕಂಪನಗಳ ಅನುಪಾತ 2:3:4. ನಮ್ಮಲ್ಲಿ ಷಡ್ಜ ಪಂಚಮಗಳು ವಿಕೃತಿಯಿಲ್ಲದ ಸ್ವರಗಳು. ಅವೆರಡೇ ಇರುವಲ್ಲಿ ಇನ್ನೂ ರಾಗ ಹುಟ್ಟಿಲ್ಲ, ಸುಖದುಃಖಗಳಿಲ್ಲ. ಅವುಗಳ ಬೆನ್ನಿಗೆ ಇಡೀ ವಾದ್ಯವೃಂದದಲ್ಲಿ ಅಂತರ ಗಾಂಧಾರ ಮೊಳಗಿ, ಮರುಕ್ಷಣವೇ ಅರ್ಧ ಸ್ವರ ಕುಸಿದು ಸಾಧಾರಣ ಗಾಂಧಾರವಾಗುತ್ತದೆ. ಬೆಳಕು ಬಂದು ಮೋಡ ಕವಿದಂತೆ. ಎರಡನೆಯ ಸಲ ಇದು ತಿರುಗುಮುರುಗಾಗುತ್ತದೆ.

ಎರಡೂ ಚಿತ್ರಗಳ ಸ್ವರಗಳನ್ನು ಅಕ್ಕಪಕ್ಕ ಇಟ್ಟಾಗ ನನಗೊಂದು ವಿಷಯ ಹೊಳೆಯಿತು. ಸ್ಪೀಲ್‌ಬರ್ಗ್ ಚಿತ್ರದ ಕೊನೆಯ ಮೂರು ಧ್ವನಿಗಳು ಮೇಲಿನ ಸ, ಕೆಳಗಿನ ಸ, ಪ. ಕುಬ್ರಿಕ್ ಚಿತ್ರದ ಮೊದಲ ಮೂರು ಧ್ವನಿಗಳು ಕೆಳಗಿನ ಸ, ಪ, ಮೇಲಿನ ಸ. ಸಾಮಗ್ರಿ ಒಂದೇ, ಕ್ರಮ ಬೇರೆ. ಒಂದು ಏರಿ ಗುರಿ ಮುಟ್ಟುತ್ತದೆ, ಇನ್ನೊಂದು ನಡುದಾರಿಯಲ್ಲಿ ನಿಂತು ಪ್ರಶ್ನೆ ಕೇಳುತ್ತದೆ. ವಿಲಿಯಮ್ಸ್ ಇದನ್ನು ತಿಳಿದೇ ಮಾಡಿದರೆಂದು ನಾನು ಹೇಳುವುದಿಲ್ಲ. ಮೋಹನದಿಂದ ಕಲಿತ ಪಾಠ ಇಲ್ಲಿ ಉಪಯೋಗಕ್ಕೆ ಬರಬೇಕು.

ಅದೇ '2001' ಚಿತ್ರ ಗುಪ್ತಾರ್ಥಗಳ ವಿಷಯದಲ್ಲಿ ಎರಡು ಉತ್ತಮ ಉದಾಹರಣೆಗಳನ್ನು ಕೊಡುತ್ತದೆ. ಅದರಲ್ಲಿ ಬರುವ ಮಾತನಾಡುವ ಗಣಕಯಂತ್ರದ ಹೆಸರು ಹ್ಯಾಲ್. ಇಂಗ್ಲಿಷಿನ ಹೆಚ್, ಎ, ಎಲ್ ಅಕ್ಷರಗಳ ಮುಂದಿನ ಅಕ್ಷರಗಳನ್ನು ಹಿಡಿದರೆ ಐ, ಬಿ, ಎಂ. ಆದ್ದರಿಂದ ಇದು ಐಬಿಎಂ ಸಂಸ್ಥೆಯ ಮೇಲಿನ ಗುಪ್ತ ಕುಟುಕು ಎಂಬ ಮಾತು ಲೋಕವೆಲ್ಲ ಹಬ್ಬಿತು. ಕಥೆಗಾರ ಆರ್ಥರ್ ಕ್ಲಾರ್ಕ್ ಅದನ್ನು ಮತ್ತೆ ಮತ್ತೆ ಅಲ್ಲಗಳೆದರು. ಇನ್ನೊಂದು ಉದಾಹರಣೆ ಅಷ್ಟು ಪ್ರಸಿದ್ಧವಲ್ಲ, ಆದರೆ ನಿಜ. ಹ್ಯಾಲ್‌ನ ನೆನಪಿನ ಕೋಶಗಳನ್ನು ಒಂದೊಂದಾಗಿ ಕಿತ್ತಾಗ ಅದು ಸಾಯುತ್ತ 'ಡೈಸಿ ಬೆಲ್' ಎಂಬ 1892ರ ಹಳೆಯ ಹಾಡನ್ನು ಹಾಡುತ್ತದೆ. ಆ ಹಾಡೇ ಏಕೆ? 1961ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜಾನ್ ಕೆಲ್ಲಿ ಮತ್ತು ಕ್ಯಾರಲ್ ಲಾಕ್‌ಬಾಮ್ ಎಂಬವರು ಐಬಿಎಂ 704 ಗಣಕಯಂತ್ರದಿಂದ ಈ ಹಾಡನ್ನೇ ಹಾಡಿಸಿದ್ದರು. ಹಿನ್ನೆಲೆ ವಾದ್ಯದ ಭಾಗವನ್ನು ರೂಪಿಸಿದವರು ಮ್ಯಾಕ್ಸ್ ಮ್ಯಾಥ್ಯೂಸ್. ಅದನ್ನು ಕ್ಲಾರ್ಕ್ ಸ್ವತಃ ಕೇಳಿದ್ದರು. ಯಂತ್ರ ಸಾಯುವಾಗ ತನ್ನ ಕುಲದ ತೊದಲುನುಡಿಗೆ ಮರಳುತ್ತದೆ. ಒಂದು ವದಂತಿ ಸುಳ್ಳೆಂದ ಮಾತ್ರಕ್ಕೆ ಎಲ್ಲ ಗುಪ್ತಾರ್ಥವೂ ಸುಳ್ಳಲ್ಲ. ಒಂದೊಂದನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು.

ನಮ್ಮ ಕನ್ನಡದಲ್ಲಿ ವೈಜ್ಞಾನಿಕ ಕಲ್ಪನೆಯ ಚಿತ್ರಗಳು ವಿರಳ. 2002ರ 'ಹಾಲಿವುಡ್'ನಲ್ಲಿ ಉಪೇಂದ್ರ ಯಂತ್ರಮಾನವನಾಗಿ ಬಂದರು. ಅದಕ್ಕೂ ಬಹಳ ಹಿಂದೆ, '2001' ತೆರೆಕಂಡ 1968ರಲ್ಲಿಯೇ, ದೊರೈ–ಭಗವಾನ್ ಜೋಡಿಯ 'ಜೇಡರ ಬಲೆ' ಬಂತು. ಲೋಹವನ್ನು ಚಿನ್ನವಾಗಿಸುವ ಸೂತ್ರ ಕಂಡುಹಿಡಿದ ವಿಜ್ಞಾನಿ, ಅವನನ್ನು ಹುಡುಕಿ ಹೊರಡುವ ಪತ್ತೇದಾರ 999. ಅದರ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್. ಎರಡೇ ವರ್ಷ ಹಿಂದೆ, 1966ರಲ್ಲಿ, ಅ.ನ.ಕೃ. ಅವರ ಕಾದಂಬರಿಯನ್ನು ಆಧರಿಸಿದ 'ಸಂಧ್ಯಾರಾಗ'ದ ಸಂಗೀತದಲ್ಲೂ ಅವರ ಕೈಯಿತ್ತು. ಅಲ್ಲಿ ಭೀಮಸೇನ ಜೋಶಿ ಮತ್ತು ಬಾಲಮುರಳಿಕೃಷ್ಣ ಹಾಡಿದ್ದರು. ಎರಡರಲ್ಲೂ ನಾಯಕ ರಾಜ್‌ಕುಮಾರ್. ಒಂದರಲ್ಲಿ ಶಾಸ್ತ್ರೀಯ ರಾಗ, ಇನ್ನೊಂದರಲ್ಲಿ ಪಾಶ್ಚಾತ್ಯ ಛಾಯೆಯ ವಾದ್ಯಗಳು. ಪ್ರೇಕ್ಷಕನಿಗೆ ತಾನು ಯಾವ ಲೋಕಕ್ಕೆ ಬಂದಿದ್ದೇನೆ ಎಂಬುದನ್ನು ಮೊದಲು ತಿಳಿಸುವುದು ಸಂಗೀತವೇ.

ಇನ್ನು ಸಿನಿಮಾ ಅಲ್ಲದ, ನಿಜವಾಗಿ ನಡೆದ ಸಂಗತಿಗೆ ಬರುತ್ತೇನೆ. ಸ್ಪೀಲ್‌ಬರ್ಗ್ ಚಿತ್ರ ಬಿಡುಗಡೆಯಾದ ಅದೇ 1977ರ ಆಗಸ್ಟ್ 20 ಮತ್ತು ಸೆಪ್ಟೆಂಬರ್ 5ರಂದು ಎರಡು ವಾಯೇಜರ್ ನೌಕೆಗಳು ಹೊರಟವು. ಕಾರ್ಲ್ ಸಾಗನ್ ನೇತೃತ್ವದ ಸಮಿತಿ ಸಿದ್ಧಪಡಿಸಿದ ಚಿನ್ನದ ಲೇಪದ ಧ್ವನಿಮುದ್ರಿಕೆ ಎರಡರಲ್ಲೂ ಇದೆ. ಐವತ್ತೈದು ಭಾಷೆಗಳ ಶುಭಾಶಯಗಳಲ್ಲಿ ನಮ್ಮ ಕನ್ನಡವೂ ಒಂದು. ಸುಮಾರು ತೊಂಬತ್ತು ನಿಮಿಷಗಳ ಸಂಗೀತದಲ್ಲಿ ಗೋವೆಯ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿ ಇದೆ. ಅವರದು ಅಲ್ಲಾದಿಯಾ ಖಾನರ ಜೈಪುರ–ಅತ್ರೌಲಿ ಘರಾಣೆ. ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರೂ ಅದೇ ಮನೆಯವರು. ಆ ಹಾಡಿನ ಹೆಸರಿಗೆ 'ಎಲ್ಲಿಗೆ ಹೊರಟೆ' ಎಂದರ್ಥ. ಎಂದೂ ಹಿಂದಿರುಗದ ನೌಕೆಗೆ ಇದಕ್ಕಿಂತ ಒಪ್ಪುವ ಪ್ರಶ್ನೆ ಯಾವುದು! ಆದರೆ ಸಂಗೀತಶಾಸ್ತ್ರಜ್ಞ ರಾಬರ್ಟ್ ಬ್ರೌನ್ ಅದನ್ನು ಸೂಚಿಸಿದ್ದು ಗಾಯನದ ಶ್ರೇಷ್ಠತೆಗಾಗಿ. ಹೆಸರಿನ ಅರ್ಥಕ್ಕೆ ಮನಸೋತವರು ನಾವು. ಎರಡನೆಯ ಉಡಾವಣೆಯಾದ ಹನ್ನೊಂದನೆಯ ದಿನ, ಸೆಪ್ಟೆಂಬರ್ 16ರಂದು, ಕೇಸರಬಾಯಿ ತೀರಿಕೊಂಡರು. ಅವರ ದನಿ 2012ರಲ್ಲಿ ಸೂರ್ಯನ ಪ್ರಭಾವಲಯವನ್ನು ದಾಟಿತು.

ಆ ಮುದ್ರಿಕೆಯ ಹೊದಿಕೆಯ ಮೇಲೆ ಅದನ್ನು ನುಡಿಸುವ ಬಗೆಯನ್ನು ಚಿತ್ರಗಳಲ್ಲಿ ಕೆತ್ತಿದ್ದಾರೆ. ಕಾಲದ ಅಳತೆಗೆ ಜಲಜನಕದ ಪರಮಾಣುವಿನ ಗುಣವನ್ನೇ ಆಧಾರವಾಗಿ ಕೊಟ್ಟಿದ್ದಾರೆ. ಅಪರಿಚಿತನಿಗೆ ಅರ್ಥವಾಗಬೇಕೆಂದು ನಿಜವಾಗಿ ಬಯಸುವವನು ಬೀಗದ ಜೊತೆಗೆ ಕೀಲಿಯನ್ನೂ ಕಳುಹಿಸುತ್ತಾನೆ.

ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ದೇವಾಲಯಕ್ಕೆ ನಿಮ್ಮಲ್ಲಿ ಅನೇಕರನ್ನು ಪ್ರವಾಸಕ್ಕೆ ಕರೆದೊಯ್ದಿದ್ದೇನೆ. ಒಂಬತ್ತನೆಯ ಶತಮಾನದ ನೊಳಂಬರ ಕಾಲದ ಗುಡಿ. ಒಳಗೆ ತಲೆಯೆತ್ತಿದರೆ ಛಾವಣಿಯಲ್ಲಿ ನರ್ತಿಸುವ ಶಿವ, ಪಕ್ಕದಲ್ಲಿ ವಾದ್ಯಗಾರರು, ಸುತ್ತಲೂ ಎಂಟು ದಿಕ್ಕುಗಳ ಪಾಲಕರು. ಆಕಾಶದಲ್ಲಿ ಸಂಗೀತವಿದೆಯೆಂದು ನಂಬಿ ಕತ್ತೆತ್ತುವುದು ಮನುಷ್ಯನ ಹಳೆಯ ಅಭ್ಯಾಸ. ಅದರಲ್ಲಿ ತಪ್ಪಿಲ್ಲ. ಕೇಳಿಸದ ಸ್ವರವನ್ನು ಕೇಳಿಸಿತೆಂದು ಹೇಳುವುದು ತಪ್ಪು. ಇಲ್ಲವೆಂದು ತೋರಿಸಿದವರ ಬಾಯಿ ಮುಚ್ಚಿಸುವುದು ಇನ್ನೂ ದೊಡ್ಡ ತಪ್ಪು.

ನಮ್ಮ ಅಟ್ಟದ ಮೇಲಿನ ಕಾಯಿಯ ವಿಷಯ ನಿಮಗೆಲ್ಲ ಗೊತ್ತು. ತಿಂಗಳುಗಟ್ಟಲೆ ಒಣಗಿದ ಕಾಯನ್ನು ತೆಗೆದು ಕಿವಿಯ ಬಳಿ ಅಲ್ಲಾಡಿಸುತ್ತೇವೆ. ನೀರು ಕುಲುಕಿದರೆ ಇನ್ನೂ ಇರಲಿ ಎಂದು ಹಿಂದಕ್ಕಿಡುತ್ತೇವೆ. ಉಂಡೆ ಕೊಬ್ಬರಿ ಚಿಪ್ಪನ್ನು ಬಿಟ್ಟು ಒಳಗೆ ಉರುಳಿದರೆ ಸದ್ದೇ ಬೇರೆ. ನನ್ನ ತಂದೆ ಕೇಳಿದ ಕೂಡಲೇ ಹೇಳುತ್ತಿದ್ದರು. ಆದರೆ ಅವರೂ ಒಡೆದು ನೋಡದೆ ಒಂದು ಕಾಯಿಯನ್ನೂ ಕೊಬ್ಬರಿಯೆಂದು ಮಾರುಕಟ್ಟೆಗೆ ಕಳುಹಿಸಲಿಲ್ಲ. ನಾನು ಅಂದು ತರಗತಿಯಲ್ಲಿ ಅಲ್ಲಾಡಿಸಿ ಕೇಳಿದೆನೇ ಹೊರತು ಒಡೆದು ನೋಡಲಿಲ್ಲ. ಒಡೆದು ನೋಡಿದವಳನ್ನು ನಗೆಪಾಟಲು ಮಾಡಿದೆ.

ಅಮ್ಮಾ, ನಿನ್ನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇದು ನಿನಗೆ ತಲುಪುತ್ತದೆಂದು ಗೊತ್ತು. ಧೈವತ ಇರಲಿಲ್ಲ. ನೀನು ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು. ಅದನ್ನು ಅಂದೇ ಆ ನಲವತ್ತು ಮಕ್ಕಳೆದುರು ಒಪ್ಪಿಕೊಳ್ಳಬೇಕಿತ್ತು. ತಡವಾಗಿಯಾದರೂ ಅವರೆದುರೇ ಒಪ್ಪಿಕೊಳ್ಳುತ್ತಿದ್ದೇನೆ. ನಿನ್ನ ಮೊಮ್ಮಕ್ಕಳು ಶಾಲೆಗೆ ಹೋಗುವಾಗ, ಮೇಷ್ಟ್ರು ತಪ್ಪು ಹೇಳಿದರೆ ಕೈ ಎತ್ತಬೇಕೆಂದು ಅವರಿಗೆ ಹೇಳಿಕೊಡು.